ರಟ್ಟಿನ ಬಂಪರು

ಗಂಡ ತನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ ದಾಕ್ಷಾಯಣಿಗೆ ನೆನಪಿರಲಿಲ್ಲ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಅಂಗಳದಿಂದ "ದಾಕ್ಷಾ, ಇಲ್ಲಿ ಬಾ, ಇದರ ತುದಿ ಹಿಡಿ" ಎಂಬ ಕೂಗು ಬಂದಾಗ ಅವಳು ಒಲೆಯ ಮುಂದಿಂದ ಕದಲಲಿಲ್ಲ. ಪಕ್ಕದ ಮನೆಯಲ್ಲಿ ಯಾರನ್ನೋ ಕರೆಯುತ್ತಿರಬೇಕು ಅಂದುಕೊಂಡಳು. ಎರಡನೇ ಸಲ ಕೂಗಿದಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಬಳ್ಳಾರಿಯ ಗಾಂಧಿನಗರದ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ದೊಡ್ಡಬಸವರಾಜನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಅವರ ನಡುವೆ ಜಗಳವಿರಲಿಲ್ಲ. ಜಗಳವಾದರೂ ಇದ್ದಿದ್ದರೆ ಒಂದಿಷ್ಟು ಮಾತಿರುತ್ತಿತ್ತು. ಮಗಳು ಅಕ್ಷತಾ ಇದ್ದಷ್ಟು ದಿನ ಮನೆಯಲ್ಲಿ ಮಾತಿಗೆ ಬರವಿದೆ ಎಂಬುದೇ ತಿಳಿದಿರಲಿಲ್ಲ. "ನಿಮ್ಮಪ್ಪಗ ಊಟಕ್ಕ ಬರಾಕ ಹೇಳು" ಎಂದು ಇವಳು, "ನಿಮ್ಮವ್ವನ್ನ ಕೇಳು, ಬೀಗದ ಕೈ ಎಲ್ಲಿಟ್ಟಾಳ" ಎಂದು ಅವನು. ಮಗಳು ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ಮೇಲೆಯೇ ಗೊತ್ತಾದದ್ದು, ಇಷ್ಟು ವರ್ಷ ತಾವಿಬ್ಬರೂ ಆ ಹುಡುಗಿಯ ಮೂಲಕವೇ ಸಂಸಾರ ಮಾಡಿದ್ದೆವು ಎಂದು. ಈಗ ಅವನು ಊಟಕ್ಕೆ ಕೂತಾಗ "ಸಾಕು" ಅನ್ನುತ್ತಿದ್ದ, ಹೊರಡುವಾಗ "ಬರ್ತೀನಿ" ಅನ್ನುತ್ತಿದ್ದ. ಉಳಿದ ಹೊತ್ತು ಟಿ.ವಿ. ಮಾತಾಡುತ್ತಿತ್ತು.

ಜೀಪು ಬಂದದ್ದು ಆಮೇಲೆ. ಮಗಳನ್ನು ನೋಡಲು ಸಿರುಗುಪ್ಪಕ್ಕೆ ಹೋಗಿದ್ದಾಗ ಅಲ್ಲಿನ ಒಂದು ರೈಸ್ ಮಿಲ್ಲಿನ ಹಿಂದೆ, ಬೇವಿನ ಮರದ ಕೆಳಗೆ ಹಳೆಯ ಜೀಪೊಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ದೊಡ್ಡಬಸವರಾಜ ಅದರ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತುಬಿಟ್ಟ. ಆ ಅಂಗೈಯನ್ನು ನೋಡಿದಾಗಲೇ ದಾಕ್ಷಾಯಣಿಗೆ ಗೊತ್ತಾಯಿತು, ಇದು ಮನೆಗೆ ಬರುತ್ತದೆ ಎಂದು. ಬಂತು. ಮುಂದಿನ ಎಡಗಡೆಯ ಸೀಟು ಕಿತ್ತುಹೋಗಿದ್ದರಿಂದ ಅವನು ಜೀಪಿನಲ್ಲಿ ಬಂದ, ಅವಳು ಬಸ್ಸಿನಲ್ಲಿ ಬಂದಳು.

ಅಲ್ಲಿಂದ ಮುಂದೆ ಭಾನುವಾರಗಳೂ ಹೋದವು. ಟೈರ್ ಅಂಗಡಿಯ ಪಾಲಯ್ಯನಿಗೂ ಅಂಥದ್ದೇ ಒಂದು ಜೀಪಿತ್ತು. ಇಬ್ಬರೂ ಕುರುಗೋಡಿನ ಗುಡ್ಡಗಳ ಹಿಂದಿನ ಬಂಡೆಗಲ್ಲಿನ ದಾರಿಗಳಲ್ಲಿ ಅಡ್ಡಾಡಿ, ಮೈತುಂಬ ಕೆಂಧೂಳು ಮಾಡಿಕೊಂಡು ಬರುತ್ತಿದ್ದರು. ಒಂದು ದಿನ ಜೀಪಿನ ಮುಂದಿನ ಬಂಪರು ಬಂಡೆಗೆ ತಾಗಿ ಮಡಚಿಕೊಂಡಿತು. "ಏನಪಾ ಬಸಣ್ಣ, ಇದು ಬಂಪರೋ ಹಪ್ಪಳೋ?" ಎಂದು ಪಾಲಯ್ಯ ನಕ್ಕ. ಆ ಮಾತು ದೊಡ್ಡಬಸವರಾಜನಿಗೆ ನಾಟಿತು. ಪೇಟೆಯಲ್ಲಿ ಸಿಗುವುದು ಬೇಡ, ದಪ್ಪ ಉಕ್ಕಿನ ಬಂಪರನ್ನು ತಾನೇ ಅಳತೆ ಹಾಕಿ ಮಾಡಿಸುತ್ತೇನೆ ಎಂದು ಹಟ ಹಿಡಿದ.

ಉಕ್ಕನ್ನು ಕೊಯ್ಯುವ ಮೊದಲು ಅದೇ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಜೀಪಿಗೆ ಹಿಡಿದು ನೋಡಬೇಕು. ಆ ಭಾನುವಾರ ಅಂಗಳದಲ್ಲಿ ಟಿ.ವಿ. ಬಂದಿದ್ದ ಡಬ್ಬದ ರಟ್ಟನ್ನು ಹರಡಿಕೊಂಡು ಅವನು ಬೆಳಗಿನಿಂದ ಒದ್ದಾಡುತ್ತಿದ್ದ. ಸುತ್ತಲೂ ಕತ್ತರಿಸಿ ಕೆಟ್ಟ ತುಂಡುಗಳು. ದಾಕ್ಷಾಯಣಿ ತುದಿ ಹಿಡಿದು ನಿಂತಳು. ಹಿಡಿಯುವುದಷ್ಟೇ ಕೆಲಸ, ಮಾತಾಡುವುದಲ್ಲ ಎಂದು ಗೊತ್ತಿತ್ತು. ಆದರೆ ಕತ್ತರಿ ಹೋಗುತ್ತಿದ್ದ ರೀತಿ ನೋಡಿ ತಡೆಯಲಾಗಲಿಲ್ಲ.

"ಹಂಗ ಕತ್ತರಿಸಿದ್ರ ಎಡಗಡಿ ಒಂದು ಥರ, ಬಲಗಡಿ ಒಂದು ಥರ ಬರ್ತೈತಿ."

"ಮತ್ತ ಹೆಂಗ?"

"ನಟ್ಟನಡುವಿಗೆ ಮಡಚ್ರಿ. ಒಂದು ಸಲ ಕತ್ತರಿಸಿದ್ರ ಎರಡೂ ಕಡಿ ಒಂದೇ ಬರ್ತೈತಿ. ಬ್ಲೌಸು ಕತ್ತರಿಸೋದು ಹಂಗೇ."

ಅವನು ರಟ್ಟನ್ನು ನೋಡಿದ, ಅವಳನ್ನು ನೋಡಿದ. ಕತ್ತರಿಯನ್ನು ಹಿಡಿಕೆಯ ಕಡೆಯಿಂದ ಅವಳತ್ತ ಚಾಚಿದ. "ತಗೋ. ನೀನೇ ಕತ್ತರಿಸು."

ಅಕ್ಷತಾ ಸಣ್ಣವಳಿದ್ದಾಗ ದಾಕ್ಷಾಯಣಿ ಓಣಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿದು ಕೊಟ್ಟವಳು. ಮಂಡಿನೋವು ಶುರುವಾದ ಮೇಲೆ ಮಷಿನ್ನಿಗೆ ಬಟ್ಟೆ ಹೊದಿಸಿ ಇಟ್ಟಿದ್ದಳು. ಕೈ ಮರೆತಿರಲಿಲ್ಲ. ರಟ್ಟನ್ನು ಮಡಚಿ, ಟೈಲರ್ ಚಾಕಿನಲ್ಲಿ ಗೆರೆ ಎಳೆದು, ಮುಂಭಾಗ, ಮೇಲ್ಭಾಗ, ಕೆಳಭಾಗ, ಎರಡು ಬದಿಗೆ ಎರಡು ರೆಕ್ಕೆ, ಜೀಪಿಗೆ ಬೋಲ್ಟು ಕೂರುವ ಎರಡು ಪಟ್ಟಿ ಎಂದು ಒಂದೊಂದನ್ನೇ ಕತ್ತರಿಸಿದಳು. ಜೋಡಿಸುವಾಗ ಟೇಪು ನಿಲ್ಲಲಿಲ್ಲ, ಬಿಸಿಲಿಗೆ, ಧೂಳಿಗೆ ಕಿತ್ತುಬಂತು. ಅವಳು ಒಳಗೆ ಹೋಗಿ ದಬ್ಬಣ ಮತ್ತು ಹುರಿ ತಂದು, ಅಂಚುಗಳನ್ನು ಒಳಕ್ಕೆ ಮಡಚಿಕೊಂಡು ರಟ್ಟನ್ನೇ ಹೊಲಿದುಬಿಟ್ಟಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಗುರುಬಸಮ್ಮ ಇಣುಕಿದಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. "ಏನ್ ದಾಕ್ಷಾಯಣಿ, ಜೀಪಿಗೂ ಕುಬುಸ ಹೊಲಿಯಾಕ ಹತ್ತೀಯೇನು?"

"ಹೂಂ ಅತ್ತಿ. ನಿಮ್ಮ ಸ್ಕೂಟರಿಗೂ ಬೇಕೇನು?"

ದೊಡ್ಡಬಸವರಾಜ ನಕ್ಕ. ಗಂಟಲಿನೊಳಗೇ ಮುಗಿದುಹೋಗುವ ನಗು ಅಲ್ಲ, ಹೊಟ್ಟೆ ಕುಲುಕುವ ನಗು. ಆ ಸದ್ದು ಎಲ್ಲಿಂದ ಬಂತೆಂದು ದಾಕ್ಷಾಯಣಿ ಒಂದು ಕ್ಷಣ ತಬ್ಬಿಬ್ಬಾದಳು.

ಹೊಲಿದ ರಟ್ಟಿನ ಬಂಪರನ್ನು ಇಬ್ಬರೂ ಎತ್ತಿ ಜೀಪಿನ ಮುಂದೆ ಹಿಡಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಪಟ್ಟಿಯ ಮೇಲೆ ಗುರುತು ಮಾಡಿದ ತೂತುಗಳು ಜೀಪಿನ ತೂತುಗಳ ನೇರಕ್ಕೆ ಬಂದವು. ಅವನು ಸ್ಟೇರಿಂಗು ತಿರುಗಿಸಿ ನೋಡಿದ, ಟೈರು ರೆಕ್ಕೆಗೆ ತಾಗಲಿಲ್ಲ. "ಬರೋಬ್ಬರಿ!" ಅಂದ.

ಆದರೆ ಮಾರನೆಯ ದಿನ ಅವನಿಗೆ ಇನ್ನೊಂದು ಯೋಚನೆ ಬಂತು, ಮುಂಭಾಗ ಸ್ವಲ್ಪ ಓರೆ ಇರಲಿ ಎಂದು. ಇನ್ನೊಂದು ಸಲ ಕತ್ತರಿಸಿದಳು. ಆಮೇಲೆ ಎಳೆಯುವ ಕೊಂಡಿಗೆ ಜಾಗ ಬೇಕೆಂದ. ಅದನ್ನೂ ಮಾಡಿದಳು. ಸಂಜೆ ಅಂಗಡಿಯಿಂದ ಅವನು ಬೇಗ ಬರತೊಡಗಿದ. ಜೀಪಿನ ಕೆಳಗೆ ಬಗ್ಗಿ ಚಾಸಿ ತೋರಿಸಿದ. "ಇದು ಅದರ ಬೆನ್ನೆಲುಬು ಇದ್ದಂಗ. ಬಂಪರಿನ ಭಾರ ಎಲ್ಲಾ ಇದರ ಮ್ಯಾಲೇ ಬರಬೇಕು, ಬಾಡಿ ಮ್ಯಾಲೆ ಬರಬಾರದು." ಅವಳು ಕೇಳಿದಳು. ಗೊತ್ತಾಗಿದ್ದನ್ನೂ ಮತ್ತೊಮ್ಮೆ ಕೇಳಿದಳು. ಉಕ್ಕು ಎಷ್ಟು ದಪ್ಪ ಇರಬೇಕು, ತೀರ ದಪ್ಪವಾದರೆ ಏನಾಗುತ್ತದೆ, ಮಳೆಗೆ ತುಕ್ಕು ಹಿಡಿಯುವುದಿಲ್ಲವೇ, ಬಣ್ಣ ಯಾವುದು. ಅವನು ಬೇಸರವಿಲ್ಲದೆ ಹೇಳಿದ. ಹೇಳುವಾಗ ಅವನ ಕೈಗಳು ಗಾಳಿಯಲ್ಲಿ ಬಂಪರನ್ನು ಕಟ್ಟುತ್ತಿದ್ದವು. ಮದುವೆಯಾದ ಹೊಸತರಲ್ಲಿ, ಅಂಗಡಿ ಇಡುವ ಮೊದಲು, ಅಂಗಡಿ ಹೇಗಿರಬೇಕೆಂದು ಹೇಳುವಾಗಲೂ ಈ ಕೈಗಳು ಹೀಗೇ ಓಡಾಡುತ್ತಿದ್ದವು. ನಡುವಿನ ವರ್ಷಗಳಲ್ಲಿ ಅವು ಎಲ್ಲಿ ಹೋಗಿದ್ದವು ಎಂದು ಅವಳು ಕೇಳಲಿಲ್ಲ. ಈ ಬಂಪರು ಬೇಗ ಮುಗಿಯದಿರಲಿ ಎಂದು ಮಾತ್ರ ಅಂದುಕೊಳ್ಳುತ್ತಿದ್ದಳು.

ಕೊನೆಗೂ ರಟ್ಟು ಒಪ್ಪಿಗೆಯಾಯಿತು. ವೆಲ್ಡಿಂಗ್ ಅಂಗಡಿಗೆ ಕೊಡಲು ಹೊಲಿಗೆ ಬಿಚ್ಚಬೇಕಿತ್ತು. ದಾಕ್ಷಾಯಣಿ ಒಂದೊಂದು ಎಳೆಯನ್ನೂ ಜೋಪಾನವಾಗಿ ಬಿಚ್ಚಿ, ಸುರುಟಿಕೊಂಡ ತುಂಡುಗಳು ಹಾಗೇ ಹೋದರೆ ಚೆಂದವಲ್ಲವೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿಗೆಯ ಕೆಳಗೆ ಒಂದು ದಿನ ಇಟ್ಟಳು. ಮಡಿಕೆ ಮುರುಕೆಲ್ಲ ಹೋಗಿ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾದವು. ದೊಡ್ಡಬಸವರಾಜ ಅವನ್ನು ಕಟ್ಟು ಕಟ್ಟಿಕೊಂಡು ಹೋಗಿ ಸಿರುಗುಪ್ಪ ರಸ್ತೆಯ ಎರ್ರಣ್ಣನ ಅಂಗಡಿಯಲ್ಲಿ ಕೊಟ್ಟು ಬಂದ.

ಬಂಪರು ಕೂರಿಸುವ ದಿನ "ನೀನೂ ಬಾ" ಅಂದ. ಅಷ್ಟರಲ್ಲಿ ಎಡಗಡೆಯ ಸೀಟು ಹೊಸದಾಗಿ ಬಂದಿತ್ತು. ದಾಕ್ಷಾಯಣಿ ಇಸ್ತ್ರಿ ಸೀರೆ ಉಟ್ಟು, ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು ಹೊರಟಳು. ಗುರುಬಸಮ್ಮ ನೋಡುತ್ತಿರಲಿ ಎಂಬ ಆಸೆಯಿತ್ತು. ಗುರುಬಸಮ್ಮ ಹೊರಗಿರಲಿಲ್ಲ.

ಎರ್ರಣ್ಣ ಅಲ್ಲಲ್ಲಿ ವೆಲ್ಡಿಂಗಿನ ಚುಕ್ಕಿ ಹಾಕಿ ಬಂಪರನ್ನು ಜೋಡಿಸಿಟ್ಟಿದ್ದ. ಕೂರಿಸಿ ನೋಡಿ ಆಮೇಲೆ ಪೂರಾ ವೆಲ್ಡಿಂಗ್. ಪಾಲಯ್ಯನೂ ಬಂದಿದ್ದ. "ದಾ ಅಕ್ಕಾ, ಕೂಕೋ" ಎಂದು ಎರ್ರಣ್ಣ ಅವಳಿಗೆ ಸ್ಟೂಲು ಕೊಟ್ಟ, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಮೂವರು ಗಂಡಸರು ಉಸಿರು ಬಿಗಿಹಿಡಿದು ಉಕ್ಕಿನ ಬಂಪರನ್ನು ಎತ್ತಿ, ಕೆಳಗೆ ಜಾಕಿ ಕೊಟ್ಟು, ಜೀಪಿನ ಮುಖಕ್ಕೆ ತಂದರು.

ಕೂರಲಿಲ್ಲ. ಚಾಸಿಯ ತೂತು ಒಂದು ಕಡೆ, ಪಟ್ಟಿಯ ತೂತು ಇನ್ನೊಂದು ಕಡೆ. ಬಂಪರು ಜೀಪಿಗಿಂತ ಅಗಲವಾಗಿ, ಅಣ್ಣನ ಅಂಗಿ ಹಾಕಿಕೊಂಡ ತಮ್ಮನ ಹಾಗೆ ಎರಡೂ ಕಡೆ ಜೋಲುತ್ತಿತ್ತು. ಪಾಲಯ್ಯ ಸ್ಟೇರಿಂಗು ತಿರುಗಿಸಿದ. ಟೈರು ಗರಕ್ಕನೆ ರೆಕ್ಕೆಗೆ ಉಜ್ಜಿತು.

"ಏನಲೇ ಎರ್ರಣ್ಣ," ದೊಡ್ಡಬಸವರಾಜನ ದನಿ ಏರಿತು, "ಕಣ್ಣು ಮುಚ್ಚಿಕೊಂಡು ಕೊಯ್ದೆ ಏನು?"

"ರಟ್ಟು ಹೆಂಗೈತೋ ಹಂಗೇ ಕೊಯ್ದೀನಣ್ಣ. ಬೇಕಾದ್ರ ನೋಡು, ರಟ್ಟು ಇಲ್ಲೇ ಐತಿ."

"ರಟ್ಟಿನ ಮಾತು ತೆಗೀಬ್ಯಾಡ! ರಟ್ಟನ್ನ ಜೀಪಿಗೆ ಹಾಕಿ ನೋಡೀನಿ ನಾನು. ಕೂದಲೆಳಿಯಷ್ಟು ತಪ್ಪಿರಲಿಲ್ಲ. ಅದು ನಮ್ಮ ಮನ್ಯಾಕಿ ಕತ್ತರಿಸಿದ್ದು. ಆಕಿ ಕೈಯಾಗ ಅಳತಿ ತಪ್ಪೋದಿಲ್ಲ, ತಿಳ್ಕೋ. ಅಂಥಾ ಕೈ ಅದು."

ದಾಕ್ಷಾಯಣಿಯ ಕಿವಿ ಬಿಸಿಯಾಯಿತು. ಸ್ಟೂಲಿನ ಮೇಲೆ ಕೂತಿದ್ದವಳಿಗೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಂಥಾ ಕೈ. ಅವಳು ಮಾಡಿದ ಅಡುಗೆ, ಹೊಲಿದ ಬಟ್ಟೆ, ಬೆಳೆಸಿದ ಮಗಳು, ಯಾವುದಕ್ಕೂ ಈ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಈಗ ಹೊರಗಿನವರೆದುರು ಬಂದಿತ್ತು.

ಎರ್ರಣ್ಣ ಸಿಟ್ಟಿನಿಂದ ರಟ್ಟಿನ ತುಂಡುಗಳನ್ನು ತಂದು ಅವರ ಮುಂದೆ ನೆಲಕ್ಕೆ ಹಾಕಿದ. ಒಂದು ತುಂಡು ದಾಕ್ಷಾಯಣಿಯ ಕಾಲಬಳಿ ಬಂದು ಬಿತ್ತು. ಅವಳ ಕಣ್ಣು ಅದರ ಅಂಚಿಗೆ ಹೋಯಿತು. ಅಂಚಿನಿಂದ ಅರ್ಧ ಇಂಚು ಒಳಗೆ ದಬ್ಬಣದ ತೂತುಗಳ ಸಾಲು.

ಅವಳಿಗೆ ತಿಳಿದುಹೋಯಿತು. ಬಟ್ಟೆ ಕತ್ತರಿಸುವವರು ಹೊಲಿಗೆಗೆಂದು ಸುತ್ತಲೂ ಒಂದಿಷ್ಟು ಅಂಚು ಬಿಟ್ಟೇ ಕತ್ತರಿಸುತ್ತಾರೆ. ಅದು ಒಳಕ್ಕೆ ಮಡಚಿಕೊಳ್ಳುತ್ತದೆ, ಹೊರಗೆ ಕಾಣುವುದಿಲ್ಲ. "ಒಳಗ ಜಾಸ್ತಿ ಬಟ್ಟಿ ಬಿಡ್ರಿ, ದಪ್ಪ ಆದ್ರ ಬಿಚ್ಚಾಕ ಬರ್ತೈತಿ" ಎಂದು ಓಣಿಯ ಹೆಂಗಸರು ಹೇಳಿ ಹೇಳಿ ಅವಳ ಕೈ ತಾನಾಗಿಯೇ ಬಿಡುತ್ತಿತ್ತು. ರಟ್ಟಿಗೂ ಬಿಟ್ಟಿದ್ದಳು. ಮಡಚಿ ಹೊಲಿದಾಗ ಬಂಪರು ಸರಿಯಾಗಿ ಕೂತಿತ್ತು. ಆಮೇಲೆ ತಾನೇ ಬಿಚ್ಚಿ, ಮಡಿಕೆಯ ಗುರುತೂ ಉಳಿಯದ ಹಾಗೆ ಹಾಸಿಗೆಯ ಕೆಳಗಿಟ್ಟು ಚಪ್ಪಟೆ ಮಾಡಿದ್ದಳು. ಎರ್ರಣ್ಣನಿಗೆ ಹೇಗೆ ಗೊತ್ತಾಗಬೇಕು? ಅವನು ಅಂಚೂ ಸೇರಿಸಿ ಕೊಯ್ದಿದ್ದ. ಉಕ್ಕು ಮಡಚಿಕೊಳ್ಳುವುದಿಲ್ಲ.

ಈಗ ಹೇಳಬೇಕು ಅಂದುಕೊಂಡಳು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಂಥಾ ಕೈ ಎಂಬ ಮಾತು ಇನ್ನೂ ಆ ಕಬ್ಬಿಣದ ವಾಸನೆಯಲ್ಲಿ ನಿಂತಿತ್ತು. ಅವಳು ಕಾಲಿನಿಂದ ರಟ್ಟನ್ನು ಮೆಲ್ಲಗೆ ಸ್ಟೂಲಿನ ಅಡಿಗೆ ಸರಿಸಿದಳು.

"ಹಂಗಾದ್ರ ಒಯ್ಯಣ್ಣ," ಎರ್ರಣ್ಣ ಬೋಲ್ಟು ಬಿಗಿಯುವ ಪಾನಾವನ್ನು ಡಬ್ಬಿಗೆ ಎಸೆದ. "ಕಣ್ಣಿದ್ದವನ ಕಡಿ ಮಾಡಿಸ್ಕೋ ಹೋಗು."

"ಒಯ್ತೀನಿ. ಬಳ್ಳಾರ್ಯಾಗ ನೀನೊಬ್ಬನೇ ಅದೀಯೇನು?" ಬಂಪರನ್ನು ಜೀಪಿನ ಹಿಂದೆ ಹೇರಿದರು. ದಾರಿಯಲ್ಲಿ ಪಾಲಯ್ಯ "ಎರ್ರಣ್ಣ ಮೊದಲಿನಂಗ ಇಲ್ಲ ಬಿಡು" ಅಂದ.

ಆ ಮಧ್ಯಾಹ್ನ ದೊಡ್ಡಬಸವರಾಜ ಬಡಿಸಿದ್ದನ್ನೆಲ್ಲ ಉಂಡು, ಕೈ ತೊಳೆಯದೆ ಕೂತು ಮಾತಾಡಿದ. "ನಮ್ಮಿಬ್ಬರ ಅಳತಿ ಎಷ್ಟು ಸರಿ ಇತ್ತು ನೋಡು. ಕೆಡಿಸಿಬಿಟ್ಟ. ಕುರುಗೋಡಾಗ ಉಜ್ಜಿನಪ್ಪ ಅಂತ ಅದಾನ, ನನ್ನ ಜೋಡಿ ಸಾಲಿ ಕಲ್ತವ. ನಾಳೆ ಅಲ್ಲಿಗೆ ಒಯ್ಯೋಣ. ನೀನೂ ಬಾ, ರಟ್ಟು ಹೆಂಗ ಕತ್ತರಿಸಿದ್ದಿ ಅಂತ ಅವಗ ನೀನೇ ಹೇಳು." ನಮ್ಮಿಬ್ಬರ. ನೀನೂ ಬಾ. ಇವೆಲ್ಲ ಅವಳು ಕೇಳಬೇಕೆಂದು ಕಾದ ಮಾತುಗಳೇ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವನು ಅಂಗಡಿಗೆ ಹೋದ ಮೇಲೆ ಮಗಳಿಗೆ ಫೋನು ಮಾಡಿದಳು. ಅಕ್ಷತಾ ಎಲ್ಲ ಕೇಳಿ ಮೊದಲು ನಕ್ಕಳು.

"ಅಪ್ಪ ನಿನ್ನ ಹೊಗಳಿದ್ರಾ? ಅದೂ ಮಂದಿ ಮುಂದ? ರೆಕಾರ್ಡ್ ಮಾಡ್ಕೋಬೇಕಿತ್ತಮ್ಮ ನೀನು."

"ನಗಬ್ಯಾಡ. ಈಗ ಏನು ಮಾಡ್ಲಿ ಹೇಳು."

"ಏನೂ ಮಾಡಬ್ಯಾಡ. ಉಜ್ಜಿನಪ್ಪನೋ ಯಾರೋ ಸರಿ ಮಾಡ್ತಾನ. ಒಂದು ಬಂಪರಿನ ಸಲುವಾಗಿ ಸಿಕ್ಕಿದ್ದನ್ನ ಯಾಕ ಕಳ್ಕೊಂತಿ? ಅಷ್ಟು ವರ್ಷ ಆದ ಮ್ಯಾಲೆ ಮಾತಾಡಾಕ ಹತ್ಯಾರ."

ಮಗಳಿಗೂ ಎಲ್ಲ ಗೊತ್ತಿತ್ತು ಎಂಬುದು ದಾಕ್ಷಾಯಣಿಗೆ ಆಗ ಗೊತ್ತಾಯಿತು. ತಾನು ಗಂಡನ ಮೌನವನ್ನು ಮಗಳಿಂದ ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದಳು. ಆ ಮೌನದ ನಡುವೆ ಬೆಳೆದವಳಿಗೆ ಬಚ್ಚಿಡುವುದು ಏನು?

ಮರುದಿನ ಕುರುಗೋಡಿನ ದಾರಿ ಹಿಡಿದರು. ಹಿಂದೆ ಬಂಪರು ಕುಲುಕಿದಾಗಲೆಲ್ಲ ಗಣಗಣ ಸದ್ದು. ದೊಡ್ಡಬಸವರಾಜ ಹುಟ್ಟಿದ್ದು ಕುರುಗೋಡಿನಲ್ಲಿ, ಆ ದಾರಿಯಲ್ಲಿ ಅವನಿಗೆ ಮಾತು ತಾನಾಗಿಯೇ ಬರುತ್ತಿತ್ತು. ಸೈಕಲ್ಲಿನಲ್ಲಿ ಬಳ್ಳಾರಿಗೆ ಬರುತ್ತಿದ್ದ ಕಥೆ, ಬಸಪ್ಪನ ಗುಡಿಯ ಹಿಂದೆ ಈಜು ಕಲಿತ ಬಾವಿ. ಗಾಳಿಗೆ ಅವಳ ಕೂದಲು ಕೆದರಿತು. ಇದೊಂದು ದಾರಿ ಮುಗಿಯುವವರೆಗೆ ಸುಮ್ಮನಿರೋಣ ಅನ್ನಿಸಿತು. ಆದರೆ ಅವನ ಮಾತು ಮತ್ತೆ ಎರ್ರಣ್ಣನ ಮೇಲೆ ಹೊರಳಿತು.

"ನಿನ್ನೆ ಅಂಗಡಿಗೆ ಬಂದವರಿಗೆಲ್ಲಾ ಹೇಳೀನಿ, ಎರ್ರಣ್ಣನ ಕಡಿ ಕೆಲಸ ಕೊಡಬ್ಯಾಡ್ರಿ ಅಂತ. ಮಾಡಿದ ತಪ್ಪು ಒಪ್ಪಿಕೊಂಡಿದ್ರ ಬಿಡಬಹುದಿತ್ತು. ರಟ್ಟಿನ ಮ್ಯಾಲೆ ಹಾಕ್ತಾನ ಮಗ!"

ಕೊಳಗಲ್ಲು ದಾಟಿದ್ದರು. ರಸ್ತೆಬದಿಯ ಕಣದಲ್ಲಿ ಕೆಂಪು ಮೆಣಸಿನಕಾಯಿ ಹರಡಿದ್ದರು. ಅದರ ಘಾಟಿಗೆ ಕಣ್ಣಲ್ಲಿ ನೀರು ಬಂತು.

"ಜೀಪು ನಿಲ್ಲಿಸ್ರಿ."

"ಯಾಕ? ತಲಿ ತಿರಗಾಕ ಹತ್ತೈತೇನು?"

"ನಿಲ್ಲಿಸ್ರಿ ಅಂದೆ."

ನಿಲ್ಲಿಸಿದ. ಎಂಜಿನು ಆರಿಸಿದ. ದಾಕ್ಷಾಯಣಿ ತನ್ನ ಬ್ಲೌಸಿನ ತೋಳಿನ ಅಂಚನ್ನು ಹೊರಕ್ಕೆ ತಿರುವಿ ಅವನಿಗೆ ತೋರಿಸಿದಳು.

"ಇಲ್ಲಿ ನೋಡ್ರಿ. ಹೊರಗ ಕಾಣೋದು ಇಷ್ಟು. ಒಳಗ ಇಷ್ಟು ಮಡಚಿರ್ತೈತಿ. ಹೊಲಿಗಿಗೆ ಅಂತ ಬಿಡ್ತೀವಿ. ರಟ್ಟಿಗೂ ನಾನು ಹಂಗೇ ಬಿಟ್ಟಿದ್ದೆ, ಸುತ್ತಲೂ. ಎರ್ರಣ್ಣ ಅದನ್ನೂ ಸೇರಿಸಿ ಕೊಯ್ದಾನ. ಬಿಚ್ಚಿ ಕೊಡೋ ಮುಂದ ನಾನು ಹೇಳಬೇಕಿತ್ತು. ತಪ್ಪು ಅವಂದಲ್ಲ."

ಅವನು ತೋಳಿನ ಅಂಚನ್ನು ನೋಡುತ್ತಲೇ ಇದ್ದ. ನಿಧಾನವಾಗಿ ಅರ್ಥವಾಗುತ್ತಿತ್ತು.

"ನಿನಗ ಯಾವಾಗ ಗೊತ್ತಾತು?"

"ನಿನ್ನೆ. ಅಲ್ಲೇ."

"ಅಲ್ಲೇ?" ಅವನ ದನಿ ಜೋರಾಗಲಿಲ್ಲ, ಸಣ್ಣದಾಯಿತು. "ನಾನು ಅವನ್ನ ಅಷ್ಟು ಬೈಯಾಕ ಹತ್ತಿದ್ದೆ, ನೀನು ಕೇಳ್ಕೊಂತ ಕುಂತಿದ್ದಿ. ಯಾಕ ಹೇಳಲಿಲ್ಲ?"

"ನೀವು ನನ್ನ ಹೊಗಳಿದ್ರಿ."

"ಹೊಗಳಿದ್ರ?"

"ಮೊದಲನೇ ಸಲ ಹೊಗಳಿದ್ರಿ. ಇನ್ನ ಸ್ವಲ್ಪ ಹೊತ್ತು ಇರ್ಲಿ ಅನಿಸಿತು."

ಅವನು ಏನಾದರೂ ಹೇಳುತ್ತಾನೆಂದು ಕಾದಳು. ಬೈದರೂ ಆದೀತು ಅಂದುಕೊಂಡಳು. ಕಣದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತು ಇವರನ್ನು ನೋಡುತ್ತಿದ್ದಳು. ದೊಡ್ಡಬಸವರಾಜ ಎದುರಿನ ಗಾಜನ್ನು ನೋಡಿದ, ಎಂಜಿನು ಚಾಲು ಮಾಡಿದ, ಜೀಪನ್ನು ಬಳ್ಳಾರಿಯ ಕಡೆಗೆ ತಿರುಗಿಸಿದ. ಹಿಂದೆ ಬಂಪರು ಗಣಗಣ ಅನ್ನುತ್ತಿತ್ತು. ಸಿರುಗುಪ್ಪ ರಸ್ತೆ ಮುಟ್ಟುವವರೆಗೆ ಅದೊಂದೇ ಸದ್ದು.

ಎರ್ರಣ್ಣನ ಅಂಗಡಿಯ ಮುಂದೆ ನಿಲ್ಲಿಸಿದನೇ ಹೊರತು ಇಳಿಯಲಿಲ್ಲ. ಸ್ಟೇರಿಂಗು ಹಿಡಿದು ಕೂತಿದ್ದ. ದಾಕ್ಷಾಯಣಿಯೇ ಇಳಿದು ಹೋಗಿ ಹೇಳಿದಳು. ಎರ್ರಣ್ಣ ಮುಖಕ್ಕೆ ಹಿಡಿಯುವ ಗಾಜಿನ ಪರದೆಯನ್ನು ಕೆಳಗಿಟ್ಟು ಕೇಳಿದ. ಕೇಳುತ್ತ ಕೇಳುತ್ತ ಅವನ ಗಂಟು ಮುಖ ಸಡಿಲವಾಗಿ, ಕೊನೆಗೆ ತೊಡೆ ಬಡಿದುಕೊಂಡು ನಕ್ಕ.

"ಅಯ್ಯೋ ದೇವುಡಾ! ಕಬ್ಬಿಣಕ್ಕ ಮಾರ್ಜಿನ್ ಬಿಟ್ಟೀ ಏನಕ್ಕಾ? ಜೀಪು ದಪ್ಪ ಆದ್ರ ಬಿಚ್ಚಿ ಹಾಕ್ಕೊಳ್ಳಾಕ?"

ದಾಕ್ಷಾಯಣಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಸಿಟ್ಟು ಮಾಡ್ಕೋಬ್ಯಾಡಪ್ಪ. ನಿನ್ನೇನೇ ಹೇಳಬೇಕಿತ್ತು ನಾನು."

"ಬಿಡಕ್ಕ. ಇನ್ನ ಚುಕ್ಕಿ ಅಷ್ಟೇ ಹಾಕೀನಿ. ಬಿಚ್ಚಿ, ಅಂಚು ಕೊಯ್ದು, ಮತ್ತ ಕೂಡಿಸ್ತೀನಿ. ಬಟ್ಟಿ ಆದ್ರೂ ಇಷ್ಟೇ ಅಲ್ಲೇನು? ಹೆಚ್ಚಿದ್ರ ಕೊಯ್ಯಬಹುದು, ಕಮ್ಮಿ ಆಗಿದ್ರ ಕಷ್ಟ ಇತ್ತು." ಜೀಪಿನ ಕಡೆ ನೋಡಿ ಕೂಗಿದ. "ಏನಣ್ಣ, ಇಳಿಯಂಗಿಲ್ಲೇನು? ನಾನು ಕಡಿಯಂಗಿಲ್ಲ, ಬಾ!"

ದೊಡ್ಡಬಸವರಾಜ ಇಳಿದು ಬಂದ. "ಯಾವಾಗ ಕೊಡ್ತಿ?" ಎಂದಷ್ಟೇ ಕೇಳಿದ.

ಅದಾದ ಮೇಲೆ ಅವನು ಸಂಜೆ ಅಂಗಡಿಯಿಂದ ನೇರ ಎರ್ರಣ್ಣನಲ್ಲಿಗೆ ಹೋಗತೊಡಗಿದ. ಮನೆಗೆ ಬರುವಾಗ ಅಂಗಿಯಲ್ಲಿ ಸುಟ್ಟ ಕಬ್ಬಿಣದ ವಾಸನೆ ಇರುತ್ತಿತ್ತು. ಅವನಿಗೆ ಸಿಟ್ಟಿದೆಯೇ ಎಂದು ದಾಕ್ಷಾಯಣಿ ಮುಖ ನೋಡಿ ನೋಡಿ ಸೋತಳು. ಸಿಟ್ಟಿನ ಗುರುತಿರಲಿಲ್ಲ. ಬೀದಿಯಲ್ಲಿ ಯಾರನ್ನೋ ಪರಿಚಯದವರೆಂದು ತಿಳಿದು ಹೆಗಲ ಮೇಲೆ ಕೈ ಹಾಕಿ, ಆಮೇಲೆ ಬೇರೆಯವರೆಂದು ಗೊತ್ತಾದಾಗ ಮನುಷ್ಯ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನಲ್ಲ, ಹಾಗೆ ಅವನೂ ಹಿಂದಕ್ಕೆ ಸರಿದಿದ್ದ.

"ತೂತು ಕೂತವೇನ್ರಿ?" ಒಂದು ದಿನ ಕೇಳಿದಳು.

"ಕೂತವು."

"ಟೈರು ತಾಗಂಗಿಲ್ಲಲ್ಲ?"

"ಇಲ್ಲ."

"ಬಣ್ಣ?"

"ಕಪ್ಪು. ಸಾಕು, ಅನ್ನ ಹಾಕಬ್ಯಾಡ."

ಮೊದಲೂ ಮೌನವಿತ್ತು. ಆಗ ಅದು ಮನೆಯ ಗೋಡೆಯ ಹಾಗೆ ಇತ್ತು, ಇದೆ ಎಂಬುದೇ ಮರೆತುಹೋಗುವಂಥದ್ದು. ಈಗ ಅದರ ಒಂದೊಂದು ಗಳಿಗೆಯೂ ಅವಳಿಗೆ ಕೇಳಿಸುತ್ತಿತ್ತು. ಸುಮ್ಮನಿದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸಿದರೂ ಆ ಯೋಚನೆ ಬಹಳ ದೂರ ಹೋಗುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅವನು ಮಾತಾಡುತ್ತಿದ್ದುದು ಅವನ ಕಲ್ಪನೆಯ, ತಪ್ಪು ಮಾಡದ ಇನ್ನೊಬ್ಬ ಹೆಂಗಸಿನ ಜೊತೆ. ಅವಳು ಆ ಹೆಂಗಸಿನ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಜೀಪು ಹೊಸ ಬಂಪರಿನೊಡನೆ ಅಂಗಳದಲ್ಲಿ ನಿಂತಿತ್ತು. ಚೆನ್ನಾಗಿತ್ತು. ಕಪ್ಪಗೆ, ಗಟ್ಟಿಯಾಗಿ, ಎರಡೂ ಕಡೆ ಒಂದೇ ಸಮ. ಪಾಲಯ್ಯ ಬಂದವನೇ ಅದರ ಮೇಲೆ ಹತ್ತಿ ನಿಂತು ಕುಣಿದು ನೋಡಿದ. "ಇದಪ್ಪಾ ಬಂಪರು ಅಂದ್ರ! ಅವತ್ತು ಯಾಕ ಕೂತಿರಲಿಲ್ಲ? ಏನಾಗಿತ್ತು?"

ದಾಕ್ಷಾಯಣಿ ಚಹಾದ ತಟ್ಟೆ ಹಿಡಿದು ಹೊಸ್ತಿಲು ದಾಟುತ್ತಿದ್ದಳು.

"ಅಳತಿ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು," ಎಂದ ದೊಡ್ಡಬಸವರಾಜ, ಬೋಲ್ಟೊಂದನ್ನು ಪಾನಾದಿಂದ ಬಿಗಿಯುತ್ತ. "ನಾನು, ಎರ್ರಣ್ಣ ಕೂಡಿ ಸರಿ ಮಾಡಿದ್ವಿ."

"ಎರ್ರಣ್ಣಂದೇ ತಪ್ಪು ಬಿಡು. ನಾನು ಅವತ್ತೇ ಅಂದಿದ್ದೆ."

ದೊಡ್ಡಬಸವರಾಜ ಬೋಲ್ಟು ಬಿಗಿಯುತ್ತಲೇ ಇದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ದಾಕ್ಷಾಯಣಿ ಅಲ್ಲೇ ನಿಂತಳು. ಅವನು ಅವಳ ಮರ್ಯಾದೆ ಕಾಪಾಡುತ್ತಿದ್ದಾನೋ, ಅವಳನ್ನು ಆ ಕಥೆಯಿಂದಲೇ ತೆಗೆದುಹಾಕಿದ್ದಾನೋ ಗೊತ್ತಾಗಲಿಲ್ಲ. ಯಾವುದಾದರೂ ಒಂದೇ ಅನ್ನಿಸಿತು. ಆ ಬಂಪರಿನಲ್ಲಿ ಈಗ ಅವಳ ಕೈಯೂ ಇರಲಿಲ್ಲ, ಅವಳ ತಪ್ಪೂ ಇರಲಿಲ್ಲ. ತಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟಳು.

"ಎರ್ರಣ್ಣಂದಲ್ಲ ಪಾಲಯ್ಯ. ತಪ್ಪು ನಂದು."

"ಅಂದ್ರ, ಅಕ್ಕಾರ?"

"ರಟ್ಟು ಕತ್ತರಿಸಿದಾಕಿ ನಾನು. ಹೊಲಿಗಿಗೆ ಅಂತ ಸುತ್ತಲೂ ಅರ್ಧ ಇಂಚು ಬಿಟ್ಟಿದ್ದೆ, ಬ್ಲೌಸಿಗೆ ಬಿಟ್ಟಂಗ. ಮಡಚಿ ಹೊಲಿದಾಗ ಬರೋಬ್ಬರಿ ಕೂತಿತ್ತು. ಎರ್ರಣ್ಣಗ ಹೇಳೋದು ಮರ್ತಿದ್ದೆ. ಅವ ಹೆಂಗ ಇತ್ತೋ ಹಂಗ ಕೊಯ್ದ."

ಪಾಲಯ್ಯನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ನಗು ಒತ್ತರಿಸಿಬಂದು ಚಹಾ ಅಂಗಿಯ ಮೇಲೆ ಚೆಲ್ಲಿತು. "ಬಂಪರಿಗೆ ಹೊಲಿಗಿ! ಅಲ್ಲೋ ಬಸಣ್ಣ, ಇಂಥಾದ್ದನ್ನ ಬಚ್ಚಿಟ್ಕೊಂಡು ಕುಂತೀಯಲ್ಲ! ಅಕ್ಕಾರ, ನನ್ನ ಜೀಪಿಗೂ ಒಂದು ಕತ್ತರಿಸಿ ಕೊಡ್ರಿ."

"ಜೀಪು ತಂದು ನಿಲ್ಲಿಸ್ರಿ, ಕತ್ತರಿಸ್ತೀನಿ. ಈ ಸಲ ಮಡಚೋ ಅಂಚಿಗೆ ಕುಂಕುಮ ಹಚ್ಚಿ ಕಳಿಸ್ತೀನಿ."

ದೊಡ್ಡಬಸವರಾಜ ಪಾನಾ ಹಿಡಿದ ಕೈಯನ್ನು ಇಳಿಬಿಟ್ಟು ಅವಳನ್ನು ನೋಡಿದ. ನಗಲಿಲ್ಲ. ಆದರೆ ಬೇರೆ ಕಡೆಯೂ ನೋಡಲಿಲ್ಲ. ಅಷ್ಟು ಹೊತ್ತು ಅವನು ತನ್ನನ್ನು ನೋಡಿದ್ದು ಎಂದಾದರೂ ಉಂಟೇ ಎಂದು ಅವಳು ಯೋಚಿಸುವಷ್ಟರಲ್ಲಿ "ನಡಿಯಪಾ, ಬಿಸಲು ಏರ್ತೈತಿ" ಅಂದ. ಪಾಲಯ್ಯ ಎಡಗಡೆಯ ಸೀಟಿಗೆ ಹಾರಿ ಕೂತ. ಜೀಪು ಗೇಟು ದಾಟಿತು.

ಗುರುಬಸಮ್ಮ ಕಾಂಪೌಂಡಿನ ಮೇಲಿಂದ ಎಲ್ಲ ನೋಡಿದ್ದಳು. "ಯಾಕ, ನಿನ್ನ ಕರ್ಕೊಂಡು ಹೋಗಲಿಲ್ಲೇನು?"

"ಇಲ್ಲತ್ತಿ."

"ಕೇಳಬೇಕಿತ್ತು ನೀನು, ನಾನೂ ಬರ್ತೀನಿ ಅಂತ."

"ಮುಂದಿನ ವಾರ ಕೇಳ್ತೀನಿ."

"ಕೇಳಿದ್ರ ಒಯ್ತಾನೇನು?"

ದಾಕ್ಷಾಯಣಿ ಖಾಲಿ ಲೋಟಗಳನ್ನು ತಟ್ಟೆಗೆ ಇಟ್ಟುಕೊಂಡಳು. ಸಮಾಧಾನದ ಒಂದು ಮಾತು ಹೇಳಿಬಿಡುವುದು ಸುಲಭವಿತ್ತು, ಗುರುಬಸಮ್ಮನೂ ಅದನ್ನೇ ಕಾಯುತ್ತಿದ್ದಳು.

"ಗೊತ್ತಿಲ್ಲತ್ತಿ," ಅಂದಳು.